ನಾಡಿನ ತೂಕ ನೋಡುವ ಬಗೆ: ವಸ್ತುಹರಿವಿನ ಅಳತೆಗಳಲ್ಲಿ ಯಾವುದನ್ನು ಆರಿಸಬೇಕು?

ಜನವರಿಯಲ್ಲಿ ರೋಬಸ್ಟಾ ಕೊಯ್ಲು ನಡೆಯುವಾಗ ನಮ್ಮ ಕಣದ ಬದಿಯಲ್ಲಿ ಒಂದೇ ಕಾಫಿಗೆ ಬೇರೆ ಬೇರೆ ತೂಕ ಬರುತ್ತದೆ. ಸಂಜೆ ಕೂಲಿಯ ಲೆಕ್ಕಕ್ಕೆ ತೂಗುವುದು ಹಸಿ ಹಣ್ಣನ್ನು. ಎರಡು ವಾರ ಒಣಗಿಸಿ ಚೀಲಕ್ಕೆ ತುಂಬಿ ವ್ಯಾಪಾರಿಗೆ ಕೊಡುವಾಗ ತೂಗುವುದು ಚೆರಿಯನ್ನು, ಅಂದರೆ ಸಿಪ್ಪೆಸಹಿತ ಒಣಗಿದ ಹಣ್ಣನ್ನು. ಕ್ಯೂರಿಂಗ್ ಮುಗಿದು ಹಡಗು ಹತ್ತುವಾಗ ದಾಖಲೆಗೆ ಸೇರುವುದು ಸಿಪ್ಪೆ ಕಳೆದ ಬೀಜ ಮಾತ್ರ. ಐವತ್ತು ಕಿಲೋ ಚೆರಿಯ ಚೀಲದಲ್ಲಿ ಸಿಗುವ ಬೀಜ ಸುಮಾರು ಇಪ್ಪತ್ತಾರು ಇಪ್ಪತ್ತೇಳು ಕಿಲೋ. ಹಸಿ ಹಣ್ಣಿನಿಂದ ಲೆಕ್ಕ ಹಿಡಿದರೆ ಐದು ಕಿಲೋಗೆ ಒಂದು ಕಿಲೋದ ಆಸುಪಾಸು. ಮೂರೂ ಸರಿಯಾದ ತೂಕಗಳೇ. ಆದರೆ ಬೀಜದ ತೂಕ ಹಿಡಿದು ಕೂಲಿ ಕೊಟ್ಟರೆ ಕೊಯ್ದವರಿಗೆ ಅನ್ಯಾಯವಾಗುತ್ತದೆ, ಹಣ್ಣಿನ ತೂಕ ಹಿಡಿದು ಹಡಗಿನ ಬಾಡಿಗೆ ಕಟ್ಟಿದರೆ ನಷ್ಟವಾಗುತ್ತದೆ. ಒಂದು ದೇಶದ ಆರ್ಥಿಕತೆಯೊಳಗೆ ವರ್ಷಕ್ಕೆ ಎಷ್ಟು ಟನ್ ವಸ್ತು ಹರಿದುಹೋಯಿತು ಎಂದು ಕೇಳಿದಾಗಲೂ ಇದೇ ಪರಿಸ್ಥಿತಿ: ಲೆಕ್ಕದ ಬಗೆಗಳು ಹಲವಿವೆ, ಪ್ರತಿಯೊಂದೂ ಒಂದೊಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡುತ್ತದೆ, ಪ್ರಶ್ನೆ ಬದಲಾದ ಕೂಡಲೇ ಅದೇ ಸಂಖ್ಯೆ ದಾರಿ ತಪ್ಪಿಸುತ್ತದೆ.

ಕೊಡಗಿನ ಕಾಲೇಜುಗಳ ವಿದ್ಯಾರ್ಥಿಗಳು, ಪಂಚಾಯಿತಿಯ ಯೋಜನೆಯಲ್ಲಿ ಆಸಕ್ತಿ ಇರುವವರು ಇತ್ತೀಚೆಗೆ ಇಂಥ ಲೆಕ್ಕಕ್ಕೆ ಕೈಹಾಕುತ್ತಿರುವುದನ್ನು ಕಂಡು, ಯಾವ ಅಳತೆಯನ್ನು ಯಾವಾಗ ಆರಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇನೆ. ಅಳತೆಗಳು ಹುಟ್ಟಿದ್ದು ದೇಶಗಳಿಗಾಗಿ. ಜಿಲ್ಲೆಯನ್ನು ಉದಾಹರಣೆಯಾಗಿ ಹಿಡಿಯುವುದು ಅವುಗಳ ಬಲ ಮತ್ತು ಮಿತಿ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂಬ ಕಾರಣಕ್ಕೆ.

ಎಲ್ಲ ಅಳತೆಗಳಿಗೂ ಸಮಾನವಾದ ನೆಲೆ

ವಸ್ತು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ಆದ್ದರಿಂದ ಆರ್ಥಿಕತೆಯೊಳಕ್ಕೆ ಹೋದದ್ದೆಲ್ಲ ಒಂದೋ ಅಲ್ಲೇ ಉಳಿದಿರಬೇಕು, ಇಲ್ಲವೇ ಹೊರಬಂದಿರಬೇಕು. ಈ ಸರಳ ಮಾತನ್ನು ಅರ್ಥಶಾಸ್ತ್ರದೊಳಕ್ಕೆ ಗಟ್ಟಿಯಾಗಿ ತಂದವರು ಅಮೆರಿಕದ ರಾಬರ್ಟ್ ಐರ್ಸ್ ಮತ್ತು ಅಲೆನ್ ನೀಸ್, 1969ರಲ್ಲಿ. 1997ರಲ್ಲಿ ಅಮೆರಿಕ, ಜರ್ಮನಿ, ಜಪಾನ್ ಮತ್ತು ನೆದರ್ಲೆಂಡ್ಸ್ ದೇಶಗಳ ಲೆಕ್ಕವನ್ನು ಒಂದೇ ಮಾದರಿಯಲ್ಲಿ ಪ್ರಕಟಿಸಲಾಯಿತು. 2001ರಲ್ಲಿ ಯೂರೋಪಿನ ಅಂಕಿಅಂಶ ಸಂಸ್ಥೆ ಯೂರೋಸ್ಟ್ಯಾಟ್ ಮೊದಲ ಕೈಪಿಡಿ ತಂದಿತು, 2011ರ ಕಾನೂನಿನ ಮೂಲಕ ಐರೋಪ್ಯ ಒಕ್ಕೂಟದ ಸದಸ್ಯ ದೇಶಗಳಿಗೆ ಈ ಲೆಕ್ಕ ಕಡ್ಡಾಯವಾಯಿತು, ಮತ್ತು 2012ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗವು ಪರಿಸರ ಲೆಕ್ಕಗಳ ಕೇಂದ್ರ ಚೌಕಟ್ಟನ್ನು ಅಂತರರಾಷ್ಟ್ರೀಯ ಮಾನದಂಡವಾಗಿ ಒಪ್ಪಿಕೊಂಡಿತು.

ಎಲ್ಲೆಡೆ ವಸ್ತುಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗುತ್ತದೆ: ಬೆಳೆ, ಮೇವು, ಮರ, ಮೀನು ಮುಂತಾದ ಜೈವಿಕ ವಸ್ತು; ಲೋಹದ ಅದಿರು; ಕಲ್ಲು, ಮರಳು, ಸುಣ್ಣದಕಲ್ಲಿನಂಥ ಲೋಹೇತರ ಖನಿಜ; ಕಲ್ಲಿದ್ದಲು, ತೈಲ, ಅನಿಲಗಳೆಂಬ ಪಳೆಯುಳಿಕೆ ಇಂಧನ. ನೀರನ್ನು ಹೊರಗಿಡಲಾಗುತ್ತದೆ. ಕಾವೇರಿಯ ತವರಿನಲ್ಲಿ ಕುಳಿತು ಈ ನಿಯಮವನ್ನು ಓದುವಾಗ ಮನಸ್ಸಿಗೆ ಒಂದಿಷ್ಟು ಕಸಿವಿಸಿಯಾಗುವುದು ಸಹಜ, ಏಕೆಂದರೆ ನಮ್ಮ ಜಿಲ್ಲೆಯಿಂದ ಹೊರಹೋಗುವ ವಸ್ತುಗಳಲ್ಲಿ ನೀರಿನಷ್ಟು ದೊಡ್ಡದು ಬೇರೊಂದಿಲ್ಲ. ಆದರೆ ಕಾರಣ ಸರಿಯಾಗಿದೆ: ನೀರನ್ನು ಸೇರಿಸಿದರೆ ಅದರ ತೂಕದಲ್ಲಿ ಉಳಿದೆಲ್ಲವೂ ಮುಳುಗಿಹೋಗುತ್ತವೆ. ನೀರಿಗೆ ಪ್ರತ್ಯೇಕ ಲೆಕ್ಕವಿದೆ, ಅದನ್ನು ಅಲ್ಲೇ ನೋಡಬೇಕು.

ಗಡಿ ಎಲ್ಲಿದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಈ ಲೆಕ್ಕದ ರೂಢಿಯಲ್ಲಿ ಗಿಡ, ಬೆಳೆ ಮತ್ತು ಕಾಡು ಪ್ರಕೃತಿಯ ಕಡೆಗಿವೆ. ಕೊಯ್ದ ಕ್ಷಣದಲ್ಲಿ ಫಸಲು ಆರ್ಥಿಕತೆಯೊಳಕ್ಕೆ ಬರುತ್ತದೆ. ಸಾಕುಪ್ರಾಣಿಗಳಾದರೋ ಆರ್ಥಿಕತೆಯ ಒಳಗೇ ಇವೆ. ಆದ್ದರಿಂದ ಹಸು ಮೇಯ್ದ ಹುಲ್ಲನ್ನು ಎಣಿಸಬೇಕು, ಅದು ಕೊಟ್ಟ ಹಾಲನ್ನು ಎಣಿಸಬಾರದು. ನಾವು ಕೆಲವರು ಸೇರಿ ನಮ್ಮ ಊರೊಂದರದೇ ಲೆಕ್ಕ ಮಾಡಲು ಹೊರಟಾಗ ಮೊದಲ ತಿಂಗಳು ಮೇವನ್ನೂ ಹಾಲನ್ನೂ ಎರಡನ್ನೂ ಬರೆದುಕೊಂಡಿದ್ದೆವು. ಒಂದೇ ವಸ್ತು ಎರಡು ಸಲ ಸೇರಿದ್ದು ಗೊತ್ತಾದ ಮೇಲೆ ಇಡೀ ಪುಸ್ತಕವನ್ನು ಮತ್ತೆ ಬರೆಯಬೇಕಾಯಿತು. ಕೊಡಗಿನ ಹಳೆಯ ಭೂವ್ಯವಸ್ಥೆಯನ್ನು ಬಲ್ಲವರಿಗೆ ಈ ಗಡಿ ಹೊಸದಾಗಿ ಕಾಣಬೇಕಿಲ್ಲ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಒದಗಿಸಲೆಂದೇ ಗದ್ದೆಯ ಜೊತೆಗೆ ಬಾಣೆಯನ್ನು, ಅಂದರೆ ಗದ್ದೆಗೆ ಹೊಂದಿದ ಕಾಡುಜಮೀನನ್ನು, ಬಿಡುತ್ತಿದ್ದರು. ಬಾಣೆಯಿಂದ ಗದ್ದೆಗೆ ಮತ್ತು ಮನೆಗೆ ಬರುತ್ತಿದ್ದ ಆ ಹೊರೆಗಳೇ ನಿಜಾರ್ಥದ ವಸ್ತುಹರಿವು, ಮತ್ತು ಯಾವ ಸರಕಾರಿ ಅಂಕಿಅಂಶದಲ್ಲಿಯೂ ಸರಿಯಾಗಿ ಸಿಗದ ಹರಿವುಗಳೂ ಅವೇ.

ಒಳಬಂದದ್ದನ್ನು ಎಣಿಸುವುದೇ, ಒಳಗೆ ಬಳಸಿದ್ದನ್ನು ಎಣಿಸುವುದೇ?

ಅತ್ಯಂತ ಸುಲಭವಾದ ಅಳತೆ ನೇರ ವಸ್ತು ಪೂರೈಕೆ: ನಮ್ಮ ನೆಲದಿಂದ ತೆಗೆದದ್ದು, ಅದಕ್ಕೆ ಆಮದನ್ನು ಕೂಡಿಸಿದ್ದು. ಇಂಗ್ಲಿಷಿನ ಮೊದಲಕ್ಷರಗಳಿಂದ ಇದನ್ನು ಡಿಎಂಐ ಎನ್ನುತ್ತಾರೆ. ಕಾರ್ಖಾನೆಗಳು ಮತ್ತು ಮನೆಗಳು ಎಷ್ಟು ವಸ್ತುವನ್ನು ಕೈಗೆತ್ತಿಕೊಂಡವು ಎಂಬುದು ನಿಮ್ಮ ಪ್ರಶ್ನೆಯಾದರೆ ಇದು ಸಾಕು. ಕಚ್ಚಾವಸ್ತುವಿನ ಬಹುಪಾಲನ್ನು ಹೊರಗಿನಿಂದ ತರುವ ಜಪಾನ್ ಇದನ್ನು ಆರಿಸಿಕೊಂಡಿತು. 2000ರಲ್ಲಿ ವಸ್ತುವನ್ನು ಮತ್ತೆ ಮತ್ತೆ ಬಳಸುವ ವಸ್ತುಚಕ್ರದ ಸಮಾಜಕ್ಕಾಗಿ ಕಾನೂನು ಮಾಡಿ, 2003ರ ಮೊದಲ ಯೋಜನೆಯಲ್ಲಿ, ಪ್ರತಿ ಟನ್ ವಸ್ತುವಿಗೆ 2000ರಲ್ಲಿ ಸುಮಾರು 2.8 ಲಕ್ಷ ಯೆನ್ ಇದ್ದ ಉತ್ಪನ್ನದ ಮೌಲ್ಯವನ್ನು 2010ರ ಹೊತ್ತಿಗೆ ಸುಮಾರು 3.9 ಲಕ್ಷಕ್ಕೆ ಏರಿಸುವ ಗುರಿ ಇಟ್ಟಿತು. ಇದರ ದೋಷವೆಂದರೆ ದೇಶದಿಂದ ದೇಶಕ್ಕೆ ಕೂಡಿಸಲಾಗದು. ಒಂದು ದೇಶದಲ್ಲಿ ತೆಗೆದ ಅದಿರು ಅಲ್ಲಿಯೂ ಎಣಿಕೆಯಾಗುತ್ತದೆ, ಕೊಂಡ ದೇಶದ ಆಮದಿನಲ್ಲಿಯೂ ಎಣಿಕೆಯಾಗುತ್ತದೆ.

ಅದರಿಂದ ರಫ್ತನ್ನು ಕಳೆದರೆ ಸಿಗುವುದು ದೇಶೀಯ ವಸ್ತು ಬಳಕೆ, ಅಂದರೆ ಡಿಎಂಸಿ. ಐರೋಪ್ಯ ಒಕ್ಕೂಟದ ಸಂಪನ್ಮೂಲ ಉತ್ಪಾದಕತೆಯ ಸೂಚಕ ನಿಂತಿರುವುದು ಇದರ ಮೇಲೆ, ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 12.2.2 ಎಂಬ ಸೂಚಕವೂ ಇದೇ. ಇದರ ದೊಡ್ಡ ಗುಣವೆಂದರೆ ನಿಜವಾದ ತೂಕದ ಮೇಲೆ ನಿಂತಿರುವುದು. ಕೃಷಿ ಇಲಾಖೆಯ ಇಳುವರಿ, ಗಣಿ ಇಲಾಖೆಯ ಪರ್ಮಿಟ್, ಬಂದರಿನ ದಾಖಲೆ ಮೂರನ್ನೂ ಜೋಡಿಸಿದರೆ ಯಾರು ಬೇಕಾದರೂ ಪರಿಶೀಲಿಸಬಹುದಾದ ಸಂಖ್ಯೆ ಸಿಗುತ್ತದೆ. ಇನ್ನೊಂದು ಗುಣ, ನಮ್ಮ ನೆಲದ ಮೇಲೆ ಮುಂದೆ ಕಸವಾಗಿ, ಹೊಗೆಯಾಗಿ, ಕಟ್ಟಡವಾಗಿ ಉಳಿಯಲಿರುವ ವಸ್ತು ಎಷ್ಟು ಎಂಬುದನ್ನು ಇದು ಹತ್ತಿರದಿಂದ ಹೇಳುತ್ತದೆ.

ಆದರೆ ಇದರಲ್ಲಿ ಒಂದು ಅಸಮತೋಲನ ಅಡಗಿದೆ, ಅದನ್ನು ಅರಿಯದೆ ದೇಶಗಳನ್ನು ಹೋಲಿಸಬಾರದು. ನೆಲದಿಂದ ತೆಗೆದ ವಸ್ತುವನ್ನು ಗಣಿಯ ಬಾಯಿಯಲ್ಲಿ ತೂಗುತ್ತೇವೆ, ವ್ಯಾಪಾರದ ವಸ್ತುವನ್ನು ಬಂದರಿನಲ್ಲಿ ತೂಗುತ್ತೇವೆ. ತಾಮ್ರದ ಅದಿರಿನಲ್ಲಿ ತಾಮ್ರ ಇರುವುದು ಹೆಚ್ಚಿನ ಕಡೆ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಚಿಲಿ ದೇಶ ಒಂದು ಟನ್ ತಾಮ್ರ ಮಾರಿದರೆ ಅದರ ಲೆಕ್ಕದಿಂದ ಕಳೆಯುವುದು ಒಂದೇ ಟನ್. ಅದಕ್ಕಾಗಿ ಅಗೆದ ನೂರಕ್ಕೂ ಹೆಚ್ಚು ಟನ್ ಅದಿರು ಚಿಲಿಯವರ ಬಳಕೆ ಎಂದೇ ದಾಖಲಾಗಿ ಉಳಿಯುತ್ತದೆ. ಕೊಂಡ ದೇಶ ಬಹಳ ಮಿತವ್ಯಯಿಯಾಗಿ ಕಾಣುತ್ತದೆ.

ನಮ್ಮ ಕಾಫಿಯಲ್ಲಿ ನಡೆಯುವುದು ಇದಕ್ಕೆ ಹತ್ತಿರದ್ದೇ, ಆದರೆ ಇನ್ನೊಂದು ದಿಕ್ಕಿನಿಂದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಂಕಿಅಂಶಗಳಲ್ಲಿ ಕಾಫಿಯ ಇಳುವರಿ ಹಸಿರು ಬೀಜದ ತೂಕದಲ್ಲಿರುತ್ತದೆ, ಜಾಗತಿಕ ವಸ್ತುಹರಿವಿನ ಕೋಷ್ಟಕಗಳು ಕೃಷಿಗೆ ನೆಚ್ಚಿಕೊಂಡಿರುವುದು ಬಹುಮಟ್ಟಿಗೆ ಅವನ್ನೇ. ಹೀಗಾಗಿ ತೋಟದಿಂದ ಕೈಯಾರೆ ಕೊಯ್ದು ತಂದ ಹಣ್ಣಿನ ಐದರಲ್ಲಿ ನಾಲ್ಕು ಪಾಲು, ಅಂದರೆ ನೀರು, ಸಿಪ್ಪೆ, ಲೋಳೆ, ಹೊಟ್ಟು, ಲೆಕ್ಕಕ್ಕೆ ಬರುವ ಮೊದಲೇ ಮಾಯವಾಗಿರುತ್ತವೆ. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ನಿಂದ ಹೊರಬೀಳುವ ಸಿಪ್ಪೆಯ ರಾಶಿಯನ್ನು, ಅದು ತೊರೆಗೆ ಸೇರಿದರೆ ಆಗುವ ಹಾನಿಯನ್ನು ಕಂಡವರಿಗೆ ಇದು ಸಣ್ಣ ವಿಷಯವಲ್ಲ. ಜಿಲ್ಲೆಯ ಮಟ್ಟದಲ್ಲಿ ಲೆಕ್ಕ ಮಾಡುವವರು ಹಣ್ಣಿನ ತೂಕದಿಂದಲೇ ಆರಂಭಿಸಬೇಕು, ದೇಶಗಳ ಕೋಷ್ಟಕದೊಂದಿಗೆ ಹೋಲಿಸುವಾಗ ಮಾತ್ರ ಬೀಜದ ತೂಕಕ್ಕೆ ಇಳಿಸಬೇಕು, ಮತ್ತು ಯಾವುದನ್ನು ಹಿಡಿದಿದ್ದೇವೆ ಎಂದು ಕೋಷ್ಟಕದ ತಲೆಯಲ್ಲೇ ಬರೆಯಬೇಕು. ತೇವಾಂಶದ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಹಸಿಹುಲ್ಲು ಮತ್ತು ಮರದ ತೂಕವನ್ನು ಶೇಕಡಾ 15 ತೇವಾಂಶಕ್ಕೆ ಸರಿಹೊಂದಿಸಿ ಬರೆಯುವುದು ಯೂರೋಸ್ಟ್ಯಾಟ್‌ನ ಪದ್ಧತಿ, ಏಕೆಂದರೆ ಮಳೆಗಾಲದಲ್ಲಿ ಕಡಿದ ಹುಲ್ಲಿನ ಹೊರೆಯನ್ನೂ ಬೇಸಿಗೆಯ ಹೊರೆಯನ್ನೂ ಒಂದೇ ಎಂದು ಕೂಡಿಸಿದರೆ ಮಳೆಯನ್ನೇ ತೂಗಿದಂತಾಗುತ್ತದೆ.

ಹೆಜ್ಜೆಗುರುತು: ಹೊಣೆ ಯಾರದು ಎಂದು ಕೇಳುವಾಗ

ಡಿಎಂಸಿಯ ಈ ಕೊರತೆಯನ್ನು ತುಂಬಲು ಬಂದ ಅಳತೆ ವಸ್ತು ಹೆಜ್ಜೆಗುರುತು. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇದು 12.2.1ನೇ ಸೂಚಕ. ಒಂದು ದೇಶದ ಜನ ಅಂತಿಮವಾಗಿ ಬಳಸಿದ ಸರಕು ಮತ್ತು ಸೇವೆಗಳಿಗಾಗಿ ಜಗತ್ತಿನ ಯಾವುದೇ ಮೂಲೆಯಲ್ಲಿ ಅಗೆದ, ಕೊಯ್ದ ವಸ್ತುವನ್ನೆಲ್ಲ ಇದು ಆ ದೇಶದ ಖಾತೆಗೆ ಬರೆಯುತ್ತದೆ. ಸಂಶೋಧಕ ಥಾಮಸ್ ವೀಡ್‌ಮನ್ ಮತ್ತು ಸಂಗಡಿಗರು 2008ರ ವರ್ಷವನ್ನು ಹಿಡಿದು ಮಾಡಿದ ಲೆಕ್ಕದಲ್ಲಿ, ಆ ವರ್ಷ ಜಗತ್ತಿನಲ್ಲಿ ತೆಗೆದ ಸುಮಾರು 7,000 ಕೋಟಿ ಟನ್ ವಸ್ತುವಿನಲ್ಲಿ ಗಡಿ ದಾಟಿ ಸಾಗಿದ್ದು ಸುಮಾರು 1,000 ಕೋಟಿ ಟನ್ ಮಾತ್ರ, ಆದರೆ ಐದರಲ್ಲಿ ಎರಡು ಪಾಲು ವಸ್ತುವನ್ನು ತೆಗೆದದ್ದೇ ಬೇರೆ ದೇಶಗಳಿಗೆ ಹೋಗುವ ಸರಕಿಗಾಗಿ. ಶ್ರೀಮಂತ ದೇಶಗಳು ವಸ್ತುವನ್ನು ಹೆಚ್ಚು ಬಳಸದೆಯೇ ಬೆಳೆಯುತ್ತಿವೆ ಎಂಬ ಹೆಮ್ಮೆ ಬಹುಪಾಲು ಗಡಿಯಾಚೆಗೆ ದಾಟಿಸಿದ ಅಗೆತದ ಫಲ ಎಂಬುದನ್ನು ಆ ಅಧ್ಯಯನ ತೋರಿಸಿತು.

ಕೊಡಗಿಗೆ ಇದನ್ನು ಅನ್ವಯಿಸಿ ನೋಡಿದರೆ ಅಳತೆಯ ಸ್ವಭಾವ ತಿಳಿಯಾಗುತ್ತದೆ. ಮನೆ ಕಟ್ಟಲು ಕುಶಾಲನಗರದ ದಾರಿಯಲ್ಲಿ ಬಂದ ಒಂದು ಟನ್ ಕಬ್ಬಿಣದ ಸರಳು ಡಿಎಂಸಿಯಲ್ಲಿ ಒಂದೇ ಟನ್. ಅದಿರಿನಿಂದ ಉಕ್ಕು ಮಾಡುವ ಕಾರ್ಖಾನೆಯಲ್ಲಿ ಆ ಒಂದು ಟನ್‌ಗೆ ಸುಮಾರು 1.4 ಟನ್ ಅದಿರು, ಮುಕ್ಕಾಲು ಟನ್ನಿಗೂ ಹೆಚ್ಚು ಕಲ್ಲಿದ್ದಲು, ಕಾಲು ಟನ್ನಿಗೂ ಹೆಚ್ಚು ಸುಣ್ಣದಕಲ್ಲು ಬೇಕು. ಹೆಜ್ಜೆಗುರುತಿನಲ್ಲಿ ಅದೆಲ್ಲವೂ ಮನೆಯವರ ಖಾತೆಗೆ ಬರುತ್ತದೆ. ವಿದ್ಯುತ್ತಿನ ಉದಾಹರಣೆ ಇನ್ನೂ ಸ್ಪಷ್ಟ. ತಂತಿಯಲ್ಲಿ ಬರುವ ಕರೆಂಟಿಗೆ ತೂಕವಿಲ್ಲ, ಆದ್ದರಿಂದ ಡಿಎಂಸಿಯಲ್ಲಿ ಅದು ಕಾಣುವುದೇ ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಅದಕ್ಕಾಗಿ ಉರಿದ ಕಲ್ಲಿದ್ದಲು ರಾಯಚೂರಿನ ಬಳಕೆಯಾಗಿ ಉಳಿಯುತ್ತದೆ. ಹೆಜ್ಜೆಗುರುತು ಮಾತ್ರ ಆ ಕಲ್ಲಿದ್ದಲನ್ನು ದೀಪ ಹಚ್ಚಿದವರ ಮನೆಗೆ ತಲುಪಿಸುತ್ತದೆ. ಕಾಫಿ ತೋಟದವರಾದ ನಮಗೆ ನ್ಯಾಯ ಇನ್ನೊಂದು ಕಡೆಯಿಂದ ಸಿಗುತ್ತದೆ: ಇಟಲಿಯಲ್ಲಿ ಕುಡಿದ ಕಾಫಿಯ ಬೀಜ, ಅದಕ್ಕೆ ಹಾಕಿದ ಗೊಬ್ಬರ, ಸುಟ್ಟ ಡೀಸೆಲ್ ಎಲ್ಲವೂ ಕುಡಿದವರ ಲೆಕ್ಕಕ್ಕೆ ಹೋಗುತ್ತವೆ.

ಇಷ್ಟು ಒಳ್ಳೆಯ ಅಳತೆಯನ್ನೇ ಎಲ್ಲರೂ ಏಕೆ ಬಳಸಬಾರದು? ಇದು ತೂಗಿದ ಸಂಖ್ಯೆಯಲ್ಲ, ಲೆಕ್ಕಿಸಿದ ಸಂಖ್ಯೆ. ಇಡೀ ಜಗತ್ತಿನ ಉದ್ಯಮಗಳು ಪರಸ್ಪರ ಏನನ್ನು ಕೊಂಡವು ಎಂಬ ಹಣದ ಕೋಷ್ಟಕಗಳ ಮೇಲೆ ವಸ್ತುವಿನ ತೂಕವನ್ನು ಹಂಚಿ ಇದನ್ನು ಪಡೆಯುತ್ತಾರೆ. ಇಯೋರಾ, ಎಕ್ಸಿಯೋಬೇಸ್, ಗ್ಲೋರಿಯಾ ಎಂಬ ಕೋಷ್ಟಕಗಳು ಇದಕ್ಕೆ ಹೆಸರಾಗಿವೆ. ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹೋದರೆ ಅದೇ ದೇಶದ ಸಂಖ್ಯೆ ಬದಲಾಗುತ್ತದೆ. ಕೋಷ್ಟಕದಲ್ಲಿ ಕೃಷಿಯ ಹಲವು ಬೆಳೆಗಳು ಒಂದೇ ಸಾಲಿನಲ್ಲಿ ಸೇರಿಹೋಗಿದ್ದರೆ ಕಾಫಿಗೂ ಬೇರೆ ಬೆಳೆಗಳ ಸರಾಸರಿಯೇ ಬೀಳುತ್ತದೆ. ಜಿಲ್ಲೆಗೆ ಇಂಥ ಕೋಷ್ಟಕ ಇಲ್ಲ; ದೇಶದ ತಲಾ ಸರಾಸರಿಯನ್ನು ಜಿಲ್ಲೆಯ ಜನಸಂಖ್ಯೆಯಿಂದ ಗುಣಿಸಿ ಇದು ಕೊಡಗಿನ ಹೆಜ್ಜೆಗುರುತು ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದರಲ್ಲಿ ಕೊಡಗಿನದು ಎನ್ನುವಂಥದು ಏನೂ ಇರುವುದಿಲ್ಲ.

ಅಗೆದು ಬಿಟ್ಟ ಮಣ್ಣು

ಅದಿರಿನ ಮೇಲಿದ್ದ ಮಣ್ಣು, ರಸ್ತೆ ಅಗಲಿಸಲು ಕಡಿದ ಬರೆ, ಅಡಿಪಾಯಕ್ಕೆ ತೆಗೆದ ಮಣ್ಣು ಇವು ಮಾರಾಟದ ವಸ್ತುಗಳಲ್ಲ. ಇವನ್ನೂ ಸೇರಿಸುವ ಅಳತೆ ಒಟ್ಟು ವಸ್ತು ಅಗತ್ಯ. 1997ರ ನಾಲ್ಕು ದೇಶಗಳ ಲೆಕ್ಕದಲ್ಲಿ ಇಂಥ ಗುಪ್ತ ಹರಿವುಗಳೇ ಅರ್ಧಕ್ಕಿಂತ ಹೆಚ್ಚಿದ್ದವು. ಅಂದಾಜಿನ ಪಾಲು ತೀರ ಹೆಚ್ಚಾದ ಕಾರಣ ಅಧಿಕೃತ ಸೂಚಕಗಳಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ. ಆದರೂ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದುದನ್ನು ಕಂಡ ಜಿಲ್ಲೆಯಲ್ಲಿ ಈ ಅಳತೆಯನ್ನು ಪೂರ್ತಿ ಬದಿಗಿಡಲು ನನಗೆ ಮನಸ್ಸಿಲ್ಲ. ಕುಸಿದ ಗುಡ್ಡದ ಮಣ್ಣು ಯಾವ ಲೆಕ್ಕಕ್ಕೂ ಬರುವುದಿಲ್ಲ, ಅದು ಪ್ರಕೃತಿಯೊಳಗಿನ ಚಲನೆ. ಆದರೆ ಇಳಿಜಾರಿನಲ್ಲಿ ಯಂತ್ರದಿಂದ ಕಡಿದು ಪಕ್ಕಕ್ಕೆ ಸುರಿದ ಮಣ್ಣು ಮನುಷ್ಯ ಕದಲಿಸಿದ್ದು. ನಿಮ್ಮ ಪ್ರಶ್ನೆ ಇಳಿಜಾರಿನ ಸುರಕ್ಷತೆಯಾದರೆ ಡಿಎಂಸಿ ನಿಮಗೆ ಒಂದು ಮಾತನ್ನೂ ಹೇಳದು, ಇದನ್ನೇ ಎಣಿಸಬೇಕು.

ಉಳಿದದ್ದೆಷ್ಟು, ಹೊರಬಿದ್ದದ್ದೆಷ್ಟು

ಕಸದ ವಿಲೇವಾರಿ, ಹಳೆಯ ಕಟ್ಟಡದ ಅವಶೇಷ, ತೊರೆಗಳ ಮಾಲಿನ್ಯ ಇವು ಚಿಂತೆಯಾಗಿರುವವರು ಒಳಬಂದದ್ದನ್ನು ಎಣಿಸಿ ನಿಲ್ಲಬಾರದು. ಆರ್ಥಿಕತೆಯೊಳಗೆ ಕಟ್ಟಡ, ರಸ್ತೆ, ವಾಹನಗಳಾಗಿ ಉಳಿದ ವಸ್ತುವನ್ನು ದಾಸ್ತಾನಿನ ನಿವ್ವಳ ಏರಿಕೆ ಎಂದೂ, ಗಾಳಿಗೆ, ನೀರಿಗೆ, ನೆಲಕ್ಕೆ ಹೊರಬಿದ್ದದ್ದನ್ನು ಪ್ರಕೃತಿಗೆ ಮರಳಿದ ಹೊರಹರಿವು ಎಂದೂ ಬೇರೆ ಬೇರೆ ಬರೆಯುತ್ತಾರೆ. ಎರಡು ಕಡೆಯೂ ಸರಿಹೊಂದಬೇಕಾದರೆ ಇಂಧನ ಉರಿಯುವಾಗ ಸೇರುವ ಆಮ್ಲಜನಕವನ್ನು ಒಳಹರಿವಿಗೆ ಕೂಡಿಸಬೇಕು; ಇಲ್ಲದಿದ್ದರೆ ಒಂದು ಟನ್ ಡೀಸೆಲ್ಲಿನಿಂದ ಮೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೇಗೆ ಬಂತು ಎಂದು ಲೆಕ್ಕದ ಪುಸ್ತಕ ಬೆರಗಾಗುತ್ತದೆ. ಗದ್ದೆ ತೋಟಗಳಿಗೆ ಎರಚಿದ ಗೊಬ್ಬರ ಈ ರೂಢಿಯಲ್ಲಿ ಹೊರಹರಿವು. ಕಾಫಿ ನಾಡಿನಲ್ಲಿ ಈ ಒಂದು ಸಾಲನ್ನು ಯಾರೂ ಬಿಡಬಾರದು.

ಗೊಬ್ಬರದಂಥ ಒಂದೇ ವಸ್ತುವಿನ ಬಗ್ಗೆ ಪ್ರಶ್ನೆ ಇದ್ದರೆ ಇಡೀ ಆರ್ಥಿಕತೆಯ ಲೆಕ್ಕವನ್ನು ಬಿಟ್ಟು ಆ ಮೂಲಧಾತುವನ್ನಷ್ಟೇ ಹಿಂಬಾಲಿಸುವ ವಿಧಾನವೂ ಇದೆ. ಸಾರಜನಕ ಅಥವಾ ರಂಜಕ ಚೀಲದಲ್ಲಿ ಎಷ್ಟು ಬಂತು, ಫಸಲಿನಲ್ಲಿ ಎಷ್ಟು ಹೋಯಿತು, ಮಣ್ಣಿನಲ್ಲಿ ಎಷ್ಟು ಉಳಿಯಿತು ಎಂದು ಬಿಡಿಸುವ ಈ ಕೆಲಸಕ್ಕೆ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯ ಸ್ಟ್ಯಾನ್ ಎಂಬ ಉಚಿತ ತಂತ್ರಾಂಶ ಒದಗಿಸಿದೆ. ಒಬ್ಬ ವಿದ್ಯಾರ್ಥಿ ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ, ಊರಿಗೆ ನೇರವಾಗಿ ಉಪಯೋಗಕ್ಕೆ ಬರುವ ಅಧ್ಯಯನ ಯಾವುದು ಎಂದು ಕೇಳಿದರೆ ನಾನು ಸೂಚಿಸುವುದು ಇದನ್ನೇ.

ಕೊಡಗಿನಲ್ಲಿ ಕೂತು ಆರಿಸುವುದಾದರೆ

ಜಾಗತಿಕ ಚಿತ್ರ ನಮಗೆ ತಿಳಿದದ್ದೇ: ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಂಪನ್ಮೂಲ ಸಮಿತಿಯ ಪ್ರಕಾರ 1970ರಲ್ಲಿ ಸುಮಾರು 3,000 ಕೋಟಿ ಟನ್ ಇದ್ದ ವಾರ್ಷಿಕ ವಸ್ತು ಉತ್ಖನನ ಈಗ 10,000 ಕೋಟಿ ಟನ್ ದಾಟಿದೆ. ಭಾರತದ ಬಳಕೆ 1970ರ 118 ಕೋಟಿ ಟನ್‌ಗಳಿಂದ 2015ಕ್ಕೆ 700 ಕೋಟಿ ಟನ್‌ಗೆ ಏರಿದೆ ಎಂದು ಕೇಂದ್ರ ಪರಿಸರ ಸಚಿವಾಲಯದ 2019ರ ಸಂಪನ್ಮೂಲ ದಕ್ಷತೆಯ ಕರಡು ನೀತಿ ಹೇಳಿತು. ಭಾರತವನ್ನು ಶ್ರೀಮಂತ ದೇಶಗಳೊಂದಿಗೆ ಹೋಲಿಸುವ ಲೇಖನ ಬರೆಯುವವರು ಹೆಜ್ಜೆಗುರುತನ್ನೇ ಮುಂದಿಡಬೇಕು, ಡಿಎಂಸಿಯನ್ನು ಪಕ್ಕದಲ್ಲಿ ಕೊಡಬೇಕು. ಎರಡರ ನಡುವಿನ ಅಂತರವೇ ಅಲ್ಲಿ ಹೇಳಬೇಕಾದ ವಿಷಯ.

ಜಿಲ್ಲೆಗೆ ಅಥವಾ ಪಂಚಾಯಿತಿಗೆ ನಾನು ಆರಿಸುವುದು ಡಿಎಂಸಿಯನ್ನು, ಆದರೆ ಎರಡು ಷರತ್ತುಗಳೊಂದಿಗೆ. ನಾಲ್ಕು ಗುಂಪುಗಳನ್ನು ಕೂಡಿಸಿದ ಒಂದೇ ಮೊತ್ತವನ್ನು ತಲೆಬರಹ ಮಾಡಬಾರದು. ಜಲ್ಲಿ, ಎಂ ಸ್ಯಾಂಡ್‌ಗಳ ತೂಕ ಅಷ್ಟು ದೊಡ್ಡದು ಎಂದರೆ ಒಂದು ಹೆದ್ದಾರಿಯ ಕೆಲಸ ನಡೆದ ವರ್ಷ ಉಳಿದ ಮೂರು ಗುಂಪುಗಳಲ್ಲಿ ಆದ ಬದಲಾವಣೆಯೆಲ್ಲ ಮರೆಯಾಗುತ್ತದೆ. ಒಂದು ಟನ್ ಜಲ್ಲಿಗೂ ಒಂದು ಟನ್ ಕೀಟನಾಶಕಕ್ಕೂ ತೂಕದಲ್ಲಿ ಭೇದವಿಲ್ಲ ಎಂಬುದು ಈ ಎಲ್ಲ ಅಳತೆಗಳ ಹುಟ್ಟುಗುಣ. ಎರಡನೆಯದಾಗಿ, ಒಳಬಂದ ಮತ್ತು ಹೊರಹೋದ ಸರಕನ್ನು ಕಳೆದು ಉಳಿದದ್ದನ್ನಷ್ಟೇ ಕೊಡದೆ ಎರಡನ್ನೂ ಬೇರೆ ಸಾಲುಗಳಲ್ಲಿ ತೋರಿಸಬೇಕು. ಕಾಫಿ, ಕರಿಮೆಣಸು, ಮರ ಹೊರಗೆ. ಅಕ್ಕಿ, ಸಿಮೆಂಟು, ಡೀಸೆಲ್, ಗೊಬ್ಬರ ಒಳಗೆ. ಜಿಲ್ಲೆಯ ಅವಲಂಬನೆ ಕಾಣುವುದು ಅಲ್ಲಿ.

ಅಂಕಿಗಳನ್ನು ಕೂಡಿಹಾಕುವ ವಿಷಯದಲ್ಲಿ ಕೊಡಗಿಗೆ ಒಂದು ಅನುಕೂಲವಿದೆ. ಜಿಲ್ಲೆಯಲ್ಲಿ ರೈಲು ಇಲ್ಲ. ಸಂಪಾಜೆ, ಮಾಕುಟ್ಟ, ಕುಟ್ಟ, ಕುಶಾಲನಗರ, ಕೊಡ್ಲಿಪೇಟೆಯಂಥ ಕೆಲವೇ ದಾರಿಗಳಲ್ಲಿ ಲಾರಿ ಮೇಲೆ ಎಲ್ಲವೂ ಬರಬೇಕು, ಹೋಗಬೇಕು. ಜಿಲ್ಲೆಯ ಅಂಕಿಅಂಶಗಳ ನೋಟದಿಂದ ಬೆಳೆಯ ಲೆಕ್ಕ, ಕಾಫಿ ಮಂಡಳಿಯ ಅಂದಾಜು, ಗಣಿ ಇಲಾಖೆಯ ಪರ್ಮಿಟ್, ಪೆಟ್ರೋಲ್ ಬಂಕ್‌ಗಳ ಮಾರಾಟ ಇವು ಸಿಕ್ಕಿದರೆ ಅಸ್ಥಿಪಂಜರ ನಿಲ್ಲುತ್ತದೆ. ಪರ್ಮಿಟ್ ಇಲ್ಲದೆ ಸಾಗಿದ ಮರಳು ಮತ್ತು ಕಲ್ಲನ್ನು ಹಿಡಿಯಲು ದೇಶಗಳೂ ಬಳಸುವ ಉಪಾಯವೊಂದಿದೆ: ಮಾರಾಟವಾದ ಸಿಮೆಂಟಿನಿಂದ ಹಿಂದಕ್ಕೆ ಹೋಗುವುದು. ಒಂದು ಟನ್ ಸಿಮೆಂಟು ಕಾಂಕ್ರೀಟ್ ಆಗಬೇಕಾದರೆ ಐದಾರು ಟನ್ ಮರಳು ಜಲ್ಲಿ ಬೇಕು. ರಸ್ತೆಯ ಡಾಂಬರು ಮಿಶ್ರಣದಲ್ಲಿ ಟಾರು ನೂರಕ್ಕೆ ಐದರಷ್ಟೇ, ಉಳಿದದ್ದು ಕಲ್ಲು. ಸಿಮೆಂಟು ಚೀಲದ ಲೆಕ್ಕ ಅಂಗಡಿಯ ಬಿಲ್ಲಿನಲ್ಲಿ ಇರುತ್ತದೆ, ಮರಳಿನ ಲೆಕ್ಕ ಹೆಚ್ಚಾಗಿ ಎಲ್ಲಿಯೂ ಇರುವುದಿಲ್ಲ.

ನಮ್ಮ ಊರಿನ ಪುಸ್ತಕದಲ್ಲಿ ಈ ವರ್ಷ ಮೊದಲ ಬಾರಿಗೆ ಮರಳು ಜಲ್ಲಿಯ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದೆವು: ವೇ ಬ್ರಿಡ್ಜ್ ಚೀಟಿಗಳಿಂದ ಕೂಡಿಸಿದ ಜಲ್ಲಿ ಮರಳಿನ ತೂಕ ಮೇಲೆ, ಸಿಮೆಂಟಿನಿಂದ ಹಿಂದಕ್ಕೆ ಲೆಕ್ಕ ಹಾಕಿದ ತೂಕ ಕೆಳಗೆ. ಕೆಳಗಿನದು ಹೆಚ್ಚಿದೆ. ಮುಂದಿನ ವರ್ಷ ಚೀಟಿ ಇಲ್ಲದ ಲೋಡುಗಳನ್ನು ಮನೆ ಕಟ್ಟಿಸಿದವರಿಂದಲೇ ಕೇಳಿ ಬರೆದುಕೊಳ್ಳುವುದೆಂದು ನಿರ್ಧರಿಸಿದ್ದೇವೆ.